ಲಿಂಡಾಬಾಯಿಗೆ ಊರು ಕಲಿಸಿದ ದ್ರೌಪತಿ

ಮೋರಖಂಡಿಯ ದ್ರೌಪತಿಯನ್ನು ಬಸವಕಲ್ಯಾಣದ ಶಕುಂತಲಾಬಾಯಿ ಹೇಳಿ ಕಳಿಸಿ ಕರೆಸಿಕೊಂಡದ್ದು ಪಾಯಿಖಾನೆ ತೊಳೆಯುವ ಕೆಲಸಕ್ಕೆ. 1996ರ ಜೂನ್ ತಿಂಗಳು. ಶಕುಂತಲಾಬಾಯಿಯ ಗಂಡ ಮಹಾರುದ್ರಪ್ಪನವರು ಕಿರಾಣಿಯ ದೊಡ್ಡ ವ್ಯಾಪಾರಿ. ತಮ್ಮ ಮನೆಯ ಮೇಲೆ ಹೊಸದಾಗಿ ಎಬ್ಬಿಸಿದ ಮಾಳಿಗೆಯನ್ನು ಅವರು ಒಂದು ಅಮೆರಿಕದ ಕುಟುಂಬಕ್ಕೆ ಬಾಡಿಗೆ ಕೊಟ್ಟಿದ್ದರು. ಆ ಕುಟುಂಬದ ಯಜಮಾನ ವಾರೆನ್ ನಾರಾಯಣಪುರದ ಹಳೆಯ ಶಿವಾಲಯದ ಕಲ್ಲು ಕಲ್ಲನ್ನೂ ಅಳೆದು ನಕ್ಷೆ ಬರೆಯಲು ಬಂದವನು. ಅವನ ಜತೆ ಹೆಂಡತಿ ಲಿಂಡಾ, ಏಳು ವರ್ಷದ ಮಗಳು. ಅವರಿಗಾಗಿ ಮಾಳಿಗೆಯಲ್ಲಿ ಕುರ್ಚಿಯಂಥ ಕಕ್ಕಸು ಕೂಡಿಸಿದ್ದರು. ಅದನ್ನು ತೊಳೆಯಲು ಬಂದ ಇಬ್ಬರು ಹೆಂಗಸರು ಮೂಗು ಮುಚ್ಚಿಕೊಂಡು ಓಡಿಹೋಗಿದ್ದರು.

ಮನೆಯ ಹಿಂದುಗಡೆ ಕಬ್ಬಿಣದ ಮೆಟ್ಟಿಲು ಇತ್ತು. ಶಕುಂತಲಾಬಾಯಿ ಅಂಗಳದಲ್ಲೇ ನಿಂತು ಬೆರಳು ತೋರಿಸಿದರು.

"ಹಿಂದಿಂದ ಹತ್ತು. ಕಕ್ಕಸ ತೊಳಿ, ವರಾಂಡ ಕಸಾ ಹೊಡಿ, ಹಿಂದಿಂದೇ ಇಳಿ. ಗೊತ್ತಾತಿಲ್ಲೋ?"

"ಆತ್ರಿ ಬಾಯೀ" ಎಂದಳು ದ್ರೌಪತಿ. ಅವಳಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಮೋರಖಂಡಿಯಲ್ಲಿ ಅವಳ ಮನೆಯಿದ್ದದ್ದು ಊರ ಕೆಳಗಿನ ಓಣಿಯಲ್ಲಿ. ಅವಳ ಮಾವ ಬುದ್ಧನ ದೀಕ್ಷೆ ತೆಗೆದುಕೊಂಡು ಮನೆಯ ದೇವರನ್ನೆಲ್ಲ ಬಾವಿಗೆ ಹಾಕಿದವನು. ಆದರೆ ಅವನು ದೇವರನ್ನು ಬಿಟ್ಟನೆಂದು ಊರು ಅವನ ಜಾತಿಯನ್ನೇನು ಬಿಡಲಿಲ್ಲ. ಅಲ್ಲಿಯ ಹೆಣ್ಣುಮಗಳು ಯಾರ ಮನೆಯ ಯಾವ ಬಾಗಿಲಲ್ಲಿ ನಿಲ್ಲಬೇಕು ಎಂಬುದು ನಡೆಯಲು ಕಲಿಯುವಾಗಲೇ ಕಾಲಿಗೆ ಗೊತ್ತಾಗಿಬಿಡುತ್ತಿತ್ತು.

ಅವಳು ಮೇಲೆ ಹತ್ತಿ ಕಕ್ಕಸು ತೊಳೆದು ಹೊರಬರುವಷ್ಟರಲ್ಲಿ ಅಡಿಗೆಮನೆಯಿಂದ ಹೊಗೆ ನುಗ್ಗಿ ಬರುತ್ತಿತ್ತು. ಒಳಗೆ ಎತ್ತರದ ಬಿಳಿ ಹೆಂಗಸೊಬ್ಬಳು ಪಂಪಿನ ಸ್ಟೋವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಮ್ಮುತ್ತ, ಒಂದಾದ ಮೇಲೊಂದು ಕಡ್ಡಿ ಗೀರುತ್ತಿದ್ದಳು. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ದ್ರೌಪತಿಯನ್ನು ಕಂಡದ್ದೇ ಎದ್ದು ಬಂದು ಅವಳ ಒದ್ದೆ ಕೈಯನ್ನೇ ಹಿಡಿದು ಒಳಕ್ಕೆ ಎಳೆದಳು.

"ಒಳಗ ಬರಂಗಿಲ್ರಿ ನಾ" ಎಂದು ದ್ರೌಪತಿ ಹೊಸ್ತಿಲಲ್ಲಿ ಕಾಲು ಊರಿ ನಿಂತಳು. ಆ ಹೆಂಗಸಿಗೆ ಒಂದಕ್ಷರ ತಿಳಿಯಲಿಲ್ಲ. ಮತ್ತೂ ಎಳೆದಳು. ಸ್ಟೋವು ಉರಿಯೆದ್ದು ಕಿಟಕಿಯ ಪರದೆ ಮುಟ್ಟುವ ಹಾಗಿತ್ತು. ದ್ರೌಪತಿ ಹೊಸ್ತಿಲು ದಾಟಿದಳು. ಗಾಳಿ ಬಿಟ್ಟು, ಪಿನ್ನು ಹಾಕಿ, ಮತ್ತೆ ಪಂಪು ಹೊಡೆದು ನೀಲಿ ಉರಿ ತಂದು ನಿಲ್ಲಿಸಿದಳು. ಲಿಂಡಾ ಚಪ್ಪಾಳೆ ತಟ್ಟಿದಳು. ಮರುದಿನದಿಂದ ದ್ರೌಪತಿ ಬರೀ ಕಕ್ಕಸು ತೊಳೆಯುವವಳಾಗಿ ಉಳಿಯಲಿಲ್ಲ.

ಆ ಮನೆಗೆ ಗೊತ್ತಿಲ್ಲದ್ದು ಒಂದೇ ಎರಡೇ? ನಳದ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಬಂದಾಗ ಬಟ್ಟಲಿನಿಂದ ಹಿಡಿದು ಬಾನಿಯವರೆಗೆ ಎಲ್ಲ ತುಂಬಿಕೊಳ್ಳಬೇಕು. ನೀರಲ್ಲಿ ಪಟಿಕದ ತುಂಡು ತಿರುವಿ ಕೆಸರು ಕೆಳಗೆ ಕೂಡಿಸಿ ಮೇಲಿನದನ್ನು ಕುದಿಸಬೇಕು. ಮುಂಜಾನೆ ಚಪ್ಪಲಿ ಮೆಟ್ಟುವ ಮೊದಲು ಝಾಡಿಸಬೇಕು, ಇಲ್ಲವಾದರೆ ಚೇಳು. ಕರೆಂಟು ಹೋದರೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಚಾಪೆ ತೆಗೆದುಕೊಂಡು ಮೇಲಿನ ತಾರಸಿಗೆ ನಡೆಯಬೇಕು. ಬಾಜಾರದಲ್ಲಿ ಹಜಿರಾ ಬೀ ಕೊತ್ತಂಬರಿಗೆ ಹೇಳಿದ ಬೆಲೆ ಕೊಟ್ಟುಬಿಟ್ಟರೆ ಹಜಿರಾ ಬೀಗೇ ಬೇಜಾರು, ಎರಡು ಮಾತು ಆಡಿ ನಕ್ಕು ತೆಗೆದುಕೊಳ್ಳಬೇಕು. ಇದನ್ನೆಲ್ಲ ದ್ರೌಪತಿ ಮೊದಲು ಕೈಸನ್ನೆಯಲ್ಲಿ, ಆಮೇಲೆ ಮಾತಿನಲ್ಲಿ ಕಲಿಸಿದಳು. ಲಿಂಡಾ ಬಡಿದ ಮೊದಲ ರೊಟ್ಟಿ ಹರಕು ಚಪ್ಪಲಿಯ ಹಾಗಿತ್ತು. ಇಬ್ಬರೂ ಅದನ್ನು ನೋಡಿ ನೆಲಕ್ಕೆ ಬಿದ್ದು ನಕ್ಕರು.

ಮಗಳ ಹೆಸರು ಹೆದರ್. ಅದನ್ನು ಕೇಳಿದ ದಿನ ದ್ರೌಪತಿಗೆ ನಗು ತಡೆಯಲಾಗಲಿಲ್ಲ. "ಯವ್ವಾ, ಇದೆಂಥಾ ಹೆಸರ್ರೀ! ಕೂಸಿಗೆ ಯಾರರ ಹೆದರ್ ಅಂತಾರೇನ್ರಿ? ನಾ ಹೆದರಬ್ಯಾಡ ಅಂತ ಕರೀತೀನಿ ನೋಡ್ರಿ." ಹುಡುಗಿಗೂ ಅದೇ ಹೆಸರು ಹಿಡಿಸಿತು. ದ್ರೌಪತಿಯ ಮಗಳು ಸರಿತಾ ಅವಳಿಗಿಂತ ಒಂದು ವರ್ಷ ದೊಡ್ಡವಳು. ಶಾಲೆ ಬಿಟ್ಟ ಮೇಲೆ ಮೋರಖಂಡಿಯಿಂದ ಅವ್ವನ ಬಳಿ ನಡೆದುಬರುತ್ತಿದ್ದಳು. ಇಬ್ಬರೂ ವರಾಂಡದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರು. ಚಿತ್ರದ ಪುಸ್ತಕ ಹರವಿಕೊಂಡು ಒಬ್ಬಳು ಇಂಗ್ಲಿಷಿನಲ್ಲಿ, ಒಬ್ಬಳು ಕನ್ನಡದಲ್ಲಿ ಅದೇ ಆನೆಯ ಹೆಸರಿಗೆ ಜಗಳಾಡುತ್ತಿದ್ದರು.

ಒಂದು ಮಧ್ಯಾಹ್ನ ಲಿಂಡಾ ಮೇಜಿನ ಮೇಲೆ ನಾಲ್ಕು ತಾಟು ಇಟ್ಟಳು. ವಾರೆನ್ ಎದುರಿಗೆ, ಹೆದರ್ ಪಕ್ಕದಲ್ಲಿ, ಖಾಲಿ ಕುರ್ಚಿ ಎಳೆದು ದ್ರೌಪತಿಯನ್ನು ಹೆಗಲು ಹಿಡಿದು ಕೂರಿಸಿದಳು. ದ್ರೌಪತಿಗೆ ಕಾಲು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಮರುದಿನ ಇಳಿಯಿತು. ಮೂರನೆಯ ದಿನ ಅವಳೇ ತಾಟು ಇಟ್ಟಳು.

ಮನೆಗೆ ಹೋಗಿ ಗಂಡನಿಗೆ ಹೇಳಿದಳು. ದೇವಿದಾಸ ಕಲ್ಯಾಣದ ಅಡತಿ ಬಾಜಾರದಲ್ಲಿ ಹಮಾಲ. ಬೆನ್ನಿಗೆ ಚೀಲ ಹೊತ್ತು ಹೊತ್ತು ಮಾತು ಕಡಿಮೆಯಾದ ಮನುಷ್ಯ.

"ಅದೇ ಮೇಜಿನ ಮ್ಯಾಲ?" ಎಂದು ಕೇಳಿದ.

"ಅದೇ ಮೇಜ. ಅದೇ ತಾಟ. ಉಂಡ ಮ್ಯಾಲ ತಾಟ ಆಕಿನೇ ತೊಳೀತಾಳ."

ದೇವಿದಾಸ ಗೋಡೆಯ ಮೇಲಿದ್ದ ಬಾಬಾಸಾಹೇಬರ ಪಟದ ಕಡೆ ನೋಡಿದ. ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಆ ಮಳೆಗಾಲದಲ್ಲಿ ಹೆದರ್‌ಗೆ ಕಾಮಾಲೆ ಆಯಿತು. ಕಣ್ಣು, ಉಗುರು ಹಳದಿ. ಡಾಕ್ಟರು ಔಷಧಿಗಿಂತ ಪಥ್ಯವೇ ಮುಖ್ಯ ಎಂದರು. ಇಪ್ಪತ್ತು ದಿನ ದ್ರೌಪತಿ ಮೋರಖಂಡಿಗೆ ಹೋಗಲಿಲ್ಲ. ಗಂಜಿ, ಮಜ್ಜಿಗೆ, ಕಬ್ಬಿನ ಹಾಲು ಎಂದು ಚಮಚ ಚಮಚವಾಗಿ ಕುಡಿಸಿದಳು, ವಾಂತಿ ಬಳಿದಳು, ಕೂಸಿನ ಕಾಲು ಒತ್ತಿದಳು. ಲಿಂಡಾ ಒಂದು ದಿನ ಅಡಿಗೆಮನೆಯ ನೆಲದ ಮೇಲೆ ಕೂತು, ಮೊಣಕಾಲಿಗೆ ಮುಖ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಊರಿಗೆ ಹೋಗಿಬಿಡೋಣ ಎಂದು ಗಂಡನ ಜತೆ ಜಗಳವಾಡಿದ್ದಳು. ಅವನು ನಕ್ಷೆ ಮುಗಿಯದೆ ಹೋಗುವುದಿಲ್ಲ ಎಂದಿದ್ದ. ದ್ರೌಪತಿ ಪಕ್ಕದಲ್ಲಿ ಕೂತು ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

"ಅಳಬ್ಯಾಡ್ರಿ. ಕೂಸ ಪಸಂದ ಆಗ್ತದ. ನಾ ಇದ್ದೀನಿಲ್ಲ?"

"ದ್ರೌಪತಿ, ನೀ ಇಲ್ಲಂದ್ರ ನಾ ಸತ್ತೆ" ಎಂದಳು ಲಿಂಡಾ. ಅಷ್ಟು ಕನ್ನಡ ಅವಳಿಗೆ ಅಷ್ಟರಲ್ಲಿ ಬಂದಿತ್ತು. ಹುಡುಗಿ ಉಳಿದುಕೊಂಡಳು. ದ್ರೌಪತಿ ಆ ಮಾತನ್ನು ನಿಜವೆಂದೇ ನಂಬಿದಳು.

ಕೆಳಗಿನ ಮನೆಯವರು ಆ ಒಂದು ವರ್ಷ ಸುಮ್ಮನೆ ನೋಡುತ್ತಿದ್ದರು. ವಾರೆನ್ ಸಾಹೇಬ ಮೂರು ವರ್ಷದ ಬಾಡಿಗೆಯ ಮನುಷ್ಯ, ಅವನಿಗೇನು ಹೇಳುವುದು ಎಂದು ಮಹಾರುದ್ರಪ್ಪನವರು ತಡೆದುಕೊಂಡಿದ್ದರು. ಲಿಂಡಾಳಿಗೋ ಒಂಟಿತನ. ಗಂಡ ಬೆಳಗಾದರೆ ನಾರಾಯಣಪುರ. ಬೀದಿಗೆ ಇಳಿದರೆ ಮಕ್ಕಳು ಹಿಂಡುಗಟ್ಟಿ ಹಿಂದೆ ಓಡಿ ಬರುತ್ತಿದ್ದರು, ಆದರೆ ಹೆಂಗಸರು ಯಾರೂ ಒಳಗೆ ಬನ್ನಿ ಎನ್ನುತ್ತಿರಲಿಲ್ಲ. ಮದುವೆಗೆ ಕರೆದರೆ ಅಂಗಳದಲ್ಲಿ ಕುರ್ಚಿ ಹಾಕಿ, ಬಾಟಲಿಯ ತಂಪು ಕೊಟ್ಟು ಕಳಿಸುತ್ತಿದ್ದರು. ಯಾಕೆ ಹೀಗೆ ಎಂದು ಅವಳು ದ್ರೌಪತಿಯನ್ನು ಕೇಳಿದಳು. ದ್ರೌಪತಿಗೆ ಉತ್ತರ ಗೊತ್ತಿತ್ತು. "ನಿಮಗ ನಾಚ್ಕೋತಾರ್ರಿ" ಎಂದು ಸುಳ್ಳು ಹೇಳಿದಳು. ಆ ಮನೆಗೆ ಅವಳು ಕಲಿಸದೆ ಬಿಟ್ಟದ್ದು ಅದೊಂದನ್ನೇ.

ಅದನ್ನು ಕಲಿಸಿದವರು ಶಕುಂತಲಾಬಾಯಿ. 1997ರ ದೀಪಾವಳಿಗೆ ಅವರು ಲಿಂಡಾಳಿಗೆ ಇಳಕಲ್ಲ ಸೀರೆ ಉಡಿಸಿ, ಹಣೆಗೆ ಕುಂಕುಮ ಇಟ್ಟು, ತಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡರು. ಅವರೇನೂ ಕೆಟ್ಟ ಹೆಂಗಸಲ್ಲ. ಬಾಣಂತಿಯರಿಗೆ ತುಪ್ಪ ಕಳಿಸುವವರು, ಭಿಕ್ಷುಕರನ್ನು ಬರಿಗೈಲಿ ಕಳಿಸದವರು. ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದರು.

"ಲಿಂಡಾಬಾಯಿ, ನಿಮ್ಮ ಮ್ಯಾಲ ನಮಗ ಮಾಯೆ ಅದ. ಖರೇ ನಿಮ್ಮ ಅಡಿಗೀ ಒಲಿಗೆ ಕೈ ಹಚ್ಚಾಕಿ ಯಾರಂತ ಊರಿಗೆಲ್ಲ ಗೊತ್ತದ. ಆಕಿ ಮಾಡಿದ್ದು ನೀವು ಉಣ್ತೀರಿ, ಕೆಳಗ ಬಂದು ನಮ್ಮ ಮನ್ಯಾಗ ನೀರ ಮುಟ್ತೀರಿ. ಬೀಗರು ನಮಗ ಕೇಳ್ತಾರ. ನಾವು ಏನ್ ಹೇಳೂಣು?" ಆಮೇಲೆ ನಕ್ಕು ಒಂದು ಮಾತು ಸೇರಿಸಿದರು. "ನಿಮ್ಮ ಕನ್ನಡ ಸುದ್ದ ಕೇರಿ ಕನ್ನಡ ಆಗ್ಯದ್ರಿ. ಮೊನ್ನೆ ನಮ್ಮ ಯಜಮಾನ್ರಿಗೆ 'ಯಾಕೋ, ಉಂಡ್ಯಾ?' ಅಂದ್ರಿ. ಓಣಿ ಮಂದೆಲ್ಲ ನಕ್ರು."

ಲಿಂಡಾಳ ಮುಖ ಕೆಂಪಾಯಿತು. ಇದೆಲ್ಲ ದ್ರೌಪತಿಗೆ ಗೊತ್ತಾದದ್ದು ಹೀಗೆ: ಅವಳು ಅದೇ ಹೊತ್ತಿಗೆ ಹಿಂದಿನ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು, ಪಡಸಾಲೆಯ ಕಿಟಕಿ ತೆರೆದಿತ್ತು. ಒಗೆಯುವ ಕೈ ನಿಲ್ಲಿಸಿ ಲಿಂಡಾ ಏನು ಹೇಳುತ್ತಾಳೋ ಎಂದು ಕಾದಳು. ಲಿಂಡಾ, "ನಮಗೆ ಗೊತ್ತಿರಲಿಲ್ಲ" ಎಂದಳು.

ಲಿಂಡಾ ಸಿಟ್ಟು ಮಾಡಬಹುದಿತ್ತು. ಮೊದಲ ದಿನ ಸಿಟ್ಟು ಬಂದಿರಲೂಬಹುದು, ಯಾಕೆಂದರೆ ಮೇಲೆ ಗಂಡ ಹೆಂಡತಿ ಗಟ್ಟಿ ದನಿಯಲ್ಲಿ ಮಾತಾಡಿದ್ದು ಕೆಳಗಿನವರೆಗೂ ಕೇಳಿಸಿತ್ತು. ಆದರೆ ವಾರೆನ್‌ಗೆ ತನ್ನದೇ ಒಂದು ತೊಡಕಿತ್ತು. ನಾರಾಯಣಪುರದ ಗುಡಿಯ ಗರ್ಭಗುಡಿಯೊಳಗೆ ಹೋಗಿ ಅಳೆಯಲು ಊರ ಹಿರಿಯರು ಒಪ್ಪಿರಲಿಲ್ಲ. ಅವರನ್ನು ಒಪ್ಪಿಸುವವರು ಮಹಾರುದ್ರಪ್ಪನವರೊಬ್ಬರೇ. ವಾರ ಕಳೆಯುವಷ್ಟರಲ್ಲಿ ಲಿಂಡಾ ದ್ರೌಪತಿಯನ್ನು ವರಾಂಡಕ್ಕೆ ಕರೆದು ನಿಲ್ಲಿಸಿದಳು. ಕೂತುಕೋ ಎನ್ನಲಿಲ್ಲ.

"ದ್ರೌಪತಿ, ಇನ್ನು ಅಡಿಗೆ ನಾನೇ ಮಾಡುತ್ತೇನೆ. ನೀನು ಹೊರಗಿನ ಕೆಲಸ ಮಾತ್ರ ಮಾಡು. ಪಗಾರ ಅಷ್ಟೇ ಇರುತ್ತದೆ."

ದ್ರೌಪತಿ ಅವಳ ಮಾತಿಗಿಂತ ಮಾತಿನ ರೀತಿ ಕೇಳಿ ಬೆಚ್ಚಿದಳು. ಇದು ಅವಳು ಕಲಿಸಿದ ಕನ್ನಡವಲ್ಲ. ಪುಸ್ತಕದಿಂದ ತೆಗೆದು ಒರೆಸಿ ಇಟ್ಟ ಹಾಗಿತ್ತು.

"ನಂದೇನರ ತಪ್ಪಾತೇನ್ರಿ?"

"ತಪ್ಪಿಲ್ಲ. ನಾವು ಇಲ್ಲಿ ಅತಿಥಿಗಳು. ಊರಿನ ಪದ್ಧತಿಗೆ ನಾವು ಹೊಂದಿಕೊಳ್ಳಬೇಕು."

ಹೊಂದಿಕೊಂಡರು. ಎಷ್ಟು ಚೆನ್ನಾಗಿ ಹೊಂದಿಕೊಂಡರು ಎಂದರೆ, ಸಂಕ್ರಾಂತಿ ಬರುವಷ್ಟರಲ್ಲಿ ಓಣಿಯ ಪ್ರತಿ ಮನೆಯಲ್ಲೂ ಲಿಂಡಾಬಾಯಿಗೆ ಚಹಾ ಸಿಗುತ್ತಿತ್ತು. ಮದುವೆಗಳಲ್ಲಿ ಹೆಂಗಸರ ಪಂಕ್ತಿಯಲ್ಲಿ ಎಲೆ ಹಾಕುತ್ತಿದ್ದರು. ವಾರೆನ್‌ಗೆ ಗರ್ಭಗುಡಿಯ ಬಾಗಿಲು ತೆರೆಯಿತು. ಮೇಲಿನ ಮನೆಯ ಕಿಟಕಿಯ ಹೊರಗೆ ಒಂದು ಗಾಜಿನ ಗ್ಲಾಸು ಬಂದು ಕೂತಿತು. ದ್ರೌಪತಿಗೆ ಚಹಾ ಅದರಲ್ಲಿ, ಎತ್ತರದಿಂದ ಸುರಿದು. ಒಮ್ಮೆ ಮನೆಗೆ ಹೊರಟಾಗ "ಹೊಂಟೀನ್ರಿ ಬಾಯೀ" ಎಂದಳು. ಲಿಂಡಾ ಒಳಗಿನಿಂದಲೇ, "ಹೊಂಟೀನಿ ಅಲ್ಲ ದ್ರೌಪತಿ, ಹೋಗಿ ಬರುತ್ತೇನೆ ಅನ್ನಬೇಕು" ಎಂದು ತಿದ್ದಿದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ಉಪಕಾರ ಮಾಡುವ ಉತ್ಸಾಹವಿತ್ತು. ದ್ರೌಪತಿ ಮೆಟ್ಟಿಲು ಇಳಿಯುತ್ತ ಆ ಮಾತನ್ನು ಮತ್ತೆ ಮತ್ತೆ ಅಂದುಕೊಂಡಳು. ಬಾಯಿಯೆಲ್ಲ ಕಹಿಯಾಯಿತು.

ಕೆಲಸ ಬಿಟ್ಟುಬಿಡು ಎಂದ ದೇವಿದಾಸ. "ಉಳದ ಮಂದಿ ಮಾಡ್ತಾರ, ಅವರಿಗೆ ಅವರಪ್ಪ ಕಲಿಸ್ಯಾನ. ಈಕಿಗೆ ಯಾರು ಕಲಿಸ್ಯಾರ? ಇಷ್ಟ ಜಲ್ದಿ ಹ್ಯಾಂಗ ಕಲ್ತಳು?" ದ್ರೌಪತಿ ಬಿಡಲಿಲ್ಲ. ಹುಡುಗಿ ಹೆದರ್ ಈಗಲೂ ಓಡಿ ಬಂದು ಅವಳ ಸೊಂಟ ತಬ್ಬಿಕೊಳ್ಳುತ್ತಿದ್ದಳು. ಸರಿತಾ ಇಂಗ್ಲಿಷಿನ ಅಕ್ಷರವೆಲ್ಲ ಓದುತ್ತಿದ್ದಳು. ಅಷ್ಟರ ಮೇಲೆ ದಿನ ದೂಡುತ್ತಿದ್ದಳು.

1998ರ ಫೆಬ್ರವರಿಯಲ್ಲಿ ಹೆದರ್‌ಗೆ ಒಂಬತ್ತು ತುಂಬಿತು. ಬಣ್ಣದ ಕಾಗದ, ಪುಗ್ಗ, ಹುಮನಾಬಾದಿನಿಂದ ತರಿಸಿದ ಕೇಕು. ಓಣಿಯ ಮಕ್ಕಳೆಲ್ಲ ಬಂದಿದ್ದರು, ಮಹಾರುದ್ರಪ್ಪನವರ ಮೊಮ್ಮಗಳು ಸ್ನೇಹಲ್ ಮುಂದೆ ಕೂತಿದ್ದಳು. ಸರಿತಾ ಇದ್ದದ್ದರಲ್ಲಿ ಒಳ್ಳೆಯ ಲಂಗ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ, ತಾನೇ ಪೋಣಿಸಿದ ಮಣಿಯ ಸರ ಮುಷ್ಟಿಯಲ್ಲಿ ಹಿಡಿದು ಬಂದಳು. ದ್ರೌಪತಿ ಹಿಂದಿನ ಮೆಟ್ಟಿಲ ಮೇಲ್ಗಡೆ ಪಾತ್ರೆ ತಿಕ್ಕುತ್ತಿದ್ದಳು. ನಿಲ್ಲು ಎನ್ನುವಷ್ಟರಲ್ಲಿ ಮಗಳು ಅವಳನ್ನು ದಾಟಿ ಅಡಿಗೆಮನೆಯ ಬಾಗಿಲಿಗೆ ಹೋಗಿಬಿಟ್ಟಿದ್ದಳು.

ಹೆದರ್ ಓಡಿ ಬಂದವಳು ಬಾಗಿಲಲ್ಲೇ ನಿಂತಳು. ಎರಡೂ ಕೈ ಅಗಲಿಸಿ ಚೌಕಟ್ಟು ಹಿಡಿದಳು.

"ಸರಿತಾ, ನೀ ಒಳಗ ಬರಬ್ಯಾಡ. ಸ್ನೇಹಲ್ ಅಜ್ಜಿ ಬೈತಾಳ. ನೀ ಮುಟ್ಟಿದ್ರ ಯಾರೂ ಕೇಕ ತಿನ್ನಂಗಿಲ್ಲ."

ಅದನ್ನು ಅವಳು ಅಚ್ಚ ಮೋರಖಂಡಿಯ ಕನ್ನಡದಲ್ಲಿ, ದ್ರೌಪತಿಯ ಬಾಯಿಯಿಂದಲೇ ಕಲಿತ ಕನ್ನಡದಲ್ಲಿ ಹೇಳಿದಳು. ಹಿಂದೆ ಲಿಂಡಾ ನಿಂತಿದ್ದಳು. ಅವಳು ಮಗಳನ್ನು ಗದರಿಸಲಿಲ್ಲ. ಬೇಗ ಬೇಗ ಕೇಕಿನ ತುಂಡು ಕತ್ತರಿಸಿ, ಕಾಗದದಲ್ಲಿ ಸುತ್ತಿ, ಹೊಸ್ತಿಲಿನಿಂದಾಚೆ ಬಾಗಿ ಸರಿತಾಳ ಕೈಗೆ ಬಿಟ್ಟಳು. "ಮನೆಗೆ ಹೋಗಿ ತಿನ್ನು, ಜಾಣೆ" ಎಂದಳು.

ಸರಿತಾ ಅಳಲಿಲ್ಲ. ಕೇಕನ್ನು ಪಾತ್ರೆಯ ಬೂದಿನೀರಿಗೆ ಹಾಕಿದಳು. ಮಣಿಯ ಸರ ಮುಷ್ಟಿಯಲ್ಲೇ ಇತ್ತು.

ದ್ರೌಪತಿ ಕೈ ತೊಳೆದುಕೊಂಡಳು. ಆ ದೀಪಾವಳಿಯ ಮೇಲೆ ಮೊದಲ ಸಲ ಅವಳು ಲಿಂಡಾಳನ್ನು ಕಣ್ಣಿಟ್ಟು ನೋಡಿ ಮಾತಾಡಿದಳು.

"ಲಿಂಡಾಬಾಯಿ, ಸ್ಟೋ ಹಚ್ಚೂದು ನಾ ಕಲಿಸಿದೆ. ರೊಟ್ಟಿ ಬಡಿಯೂದು ನಾ ಕಲಿಸಿದೆ. ಬಾಯಾಗ ಮಾತ ನಾ ಹಾಕಿದೆ. ಇದೊಂದು ನಾ ಕಲಿಸಿದ್ದಿಲ್ಲ. ಇದನ್ನ ಬರೋಬರಿ ನೀವೇ ಕಲ್ತೀರಿ, ಕೂಸಿಗೂ ಕಲಿಸೀರಿ."

"ದ್ರೌಪತಿ, ನಾನು ಏನು ಮಾಡಲಿ? ಇದು ನನ್ನ ದೇಶ ಅಲ್ಲ."

"ಹೌದ್ರಿ. ನಿಮ್ಮ ದೇಶಲ್ಲ. ಬ್ಯಾಸರಾದ್ರ ನೀವು ಹೋಗ್ತೀರಿ. ನಾವು ಎಲ್ಲಿ ಹೋಗೂಣು?"

ಮಗಳ ಕೈ ಹಿಡಿದು ಇಳಿದಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಕುಟುಂಬ ಮುಂದಿನ ವರ್ಷ ಅಮೆರಿಕಕ್ಕೆ ಮರಳಿತು. ಅದನ್ನು ಅವಳಿಗೆ ತಿಳಿಸಿದವನು ವಾರೆನ್‌ನ ಜೀಪು ಓಡಿಸುತ್ತಿದ್ದ ಗಯಾಸುದ್ದೀನ್. ಓಣಿಯವರೆಲ್ಲ ಸೇರಿ ಆರತಿ ಎತ್ತಿ, ಉಡಿ ತುಂಬಿ ಕಳಿಸಿದರಂತೆ. ಹೆದರ್ ಮೋರಖಂಡಿಗೆ ಒಮ್ಮೆ ಹೋಗಬೇಕೆಂದು ಹಟ ಮಾಡಿದಳಂತೆ, ಆದರೆ ವಿಮಾನಕ್ಕೆ ಹೊತ್ತಾಗುತ್ತದೆಂದು ಜೀಪು ಹೈದರಾಬಾದಿನ ರಸ್ತೆ ಹಿಡಿಯಿತಂತೆ. ದ್ರೌಪತಿ ಕಳೆ ತೆಗೆಯುತ್ತಲೇ ಕೇಳಿಸಿಕೊಂಡಳು.

2001ರಲ್ಲಿ ದೇವಿದಾಸ ಎದೆಯ ರೋಗದಿಂದ ತೀರಿಕೊಂಡ. ಮರುವರ್ಷ ದ್ರೌಪತಿ ಮಗಳನ್ನು ಕರೆದುಕೊಂಡು ಹುಮನಾಬಾದಿಗೆ ಬಂದಳು. ಅಲ್ಲಿ ಹೈಸ್ಕೂಲು ಒಳ್ಳೆಯದಿತ್ತು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಅವಳ ಓಣಿ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ವಿದ್ಯಾವತಿ ಎಂಬ ವಿಧವೆಯ ಖಾನಾವಳಿ ಇತ್ತು. ರೊಟ್ಟಿ ಬಡಿಯುವವಳು ಬೇಕಾಗಿದ್ದಳು. ದ್ರೌಪತಿಯ ಕೈಯ ಒಂದು ರೊಟ್ಟಿ ನೋಡಿಯೇ ವಿದ್ಯಾವತಿ ಒಪ್ಪಿಬಿಟ್ಟಳು. ಆಮೇಲೆ ಕೇಳಿದಳು.

"ನಿಮ್ದು ಯಾವ ಪೈಕಿ?"

ದ್ರೌಪತಿಯ ನಾಲಿಗೆಯಲ್ಲಿ ಮರಾಠಿ ಚೆನ್ನಾಗಿ ಹರಿದಾಡುತ್ತಿತ್ತು. ಗಡಿಯ ಊರಲ್ಲವೇ. "ಮರಾಠರು ರೀ ಅಕ್ಕಾ, ಕಲ್ಯಾಣದ ಕಡೇವರು" ಎಂದಳು. ಊರಿಗೆ ಹೊಂದಿಕೊಳ್ಳುವುದು ಹೇಗೆಂದು ಅವಳೂ ಕಲಿತಿದ್ದಳು.

ಐದು ವರ್ಷ ನಡೆಯಿತು. ದಿನಕ್ಕೆ ಇನ್ನೂರು ರೊಟ್ಟಿ. ಗಿರಾಕಿಗಳೆಲ್ಲ ಹೋದ ಮೇಲೆ ವಿದ್ಯಾವತಿ, ದ್ರೌಪತಿ ಎದುರುಬದುರು ಕೂತು ಒಂದೇ ಬಟ್ಟಲಿನ ಪುಂಡಿಪಲ್ಯ ಹಚ್ಚಿಕೊಂಡು ಉಣ್ಣುತ್ತಿದ್ದರು. ವಿದ್ಯಾವತಿಗೆ ಜ್ವರ ಬಂದಾಗ ಗಲ್ಲಾ ಸಹ ದ್ರೌಪತಿಯೇ ನೋಡಿಕೊಳ್ಳುತ್ತಿದ್ದಳು. ಮಾತು ಮಾತಿಗೆ "ನಮ್ಮ ದ್ರೌಪತಕ್ಕ" ಎನ್ನುತ್ತಿದ್ದಳು ಆಕೆ. ಬಾಡಿಗೆಯ ಕೋಣೆಯ ಗೋಡೆಯ ಮೇಲೆ ಬಾಬಾಸಾಹೇಬರ ಪಟ ಇರಲಿಲ್ಲ, ಟ್ರಂಕಿನಲ್ಲಿತ್ತು. ಸರಿತಾಳಿಗೆ ಇದು ಸಹಿಸುತ್ತಿರಲಿಲ್ಲ.

"ಅವ್ವಾ, ಅಪ್ಪ ಇದ್ದಿದ್ರ ಏನಂತಿದ್ದ?"

"ಅಪ್ಪ ಇದ್ದಿದ್ರ ನಾ ಇಲ್ಲಿ ಬರ್ತಿದ್ದಿಲ್ಲ. ನೀ ಓದು. ಮಾಸ್ತರಿಣಿ ಆದ ದಿನ ಪಟ ತೆಗದು ಹಾಕೂಣು" ಎನ್ನುತ್ತಿದ್ದಳು ದ್ರೌಪತಿ.

2007ರ ಜನವರಿಯ ಒಂದು ಮಧ್ಯಾಹ್ನ. ಖಾನಾವಳಿ ತುಂಬಿತ್ತು. ತಹಶೀಲ್ ಕಚೇರಿಯ ಗುಮಾಸ್ತರು, ಕಾಲೇಜಿನ ಹುಡುಗರು, ಘಾಟಬೋರಾಳದ ಕಡೆಯಿಂದ ಕಚೇರಿ ಕೆಲಸಕ್ಕೆ ಬಂದ ರೈತರು. ಹೊರಗೆ ಜೀಪು ನಿಂತಿತು. ಗಯಾಸುದ್ದೀನ್ ಇಳಿದ, ಅವನ ಹಿಂದೆ ಬೆಳ್ಳಗಾದ ಕೂದಲಿನ ಎತ್ತರದ ಹೆಂಗಸು. ಒಲೆಯ ಮುಂದೆ ಕೂತ ದ್ರೌಪತಿಗೆ ಗುರುತು ಹತ್ತಲು ಕ್ಷಣ ಹಿಡಿಯಿತು. ಲಿಂಡಾ ಬಾಗಿಲಲ್ಲಿ ನಿಂತವರನ್ನು ಸರಿಸಿಕೊಂಡು ಒಳಗೆ ಬಂದು, ಹಿಟ್ಟಿನ ಕೈಯ ದ್ರೌಪತಿಯನ್ನು ಎಬ್ಬಿಸಿ ಅಪ್ಪಿಕೊಂಡಳು. ತಾಟಿನ ಸದ್ದು ನಿಂತಿತು. ಎಲ್ಲರೂ ಇತ್ತಲೇ ನೋಡಿದರು.

"ಒಂಬತ್ತು ವರ್ಷ ನನಗೆ ಸಮಾಧಾನ ಇಲ್ಲ, ದ್ರೌಪತಿ" ಎಂದಳು ಲಿಂಡಾ. ಕನ್ನಡ ತುಕ್ಕು ಹಿಡಿದಿತ್ತು, ಆದರೆ ಗಟ್ಟಿಯಾಗಿತ್ತು, ಸ್ಪಷ್ಟವಾಗಿತ್ತು. "ಹೆದರ್ ದೊಡ್ಡವಳಾಗಿ ನನ್ನನ್ನು ಕೇಳಿದಳು, ಯಾಕೆ ಹಾಗೆ ಮಾಡಿದೆ ಅಂತ."

"ಹೊರಗ ಬರ್ರಿ ಬಾಯಿ. ಹೊರಗ ಮಾತಾಡೂಣು" ಎಂದು ದ್ರೌಪತಿ ಅವಳ ತೋಳು ಹಿಡಿದು ಎಳೆದಳು.

"ಬೇಡ. ಎಲ್ಲರ ಮುಂದೆ ಹೇಳಬೇಕು. ಎಲ್ಲರ ಮುಂದೆಯೇ ನಿನಗೆ ಅವಮಾನ ಮಾಡಿದ್ದೆ."

"ಬಾಯೀ, ನಿಮ್ಮ ಕಾಲ ಬೀಳ್ತೀನಿ, ಈಗ ಬ್ಯಾಡ್ರಿ."

ಲಿಂಡಾ ಅದನ್ನು ದೊಡ್ಡಸ್ತಿಕೆಯೆಂದು ತಿಳಿದಳೋ, ನಾಚಿಕೆಯೆಂದು ತಿಳಿದಳೋ. ದ್ರೌಪತಿಯ ಎರಡೂ ಕೈ ಹಿಡಿದುಕೊಂಡು, ಕಣ್ಣೀರು ಸುರಿಸುತ್ತ, ಕೂತಿದ್ದವರ ಕಡೆ ತಿರುಗಿದಳು. "ಈ ತಾಯಿ ನನ್ನ ಮಗಳ ಜೀವ ಉಳಿಸಿದಳು. ಇವಳು ಕೆಳಗಿನ ಕೇರಿಯವಳು ಅಂತ ಜನ ಹೇಳಿದರು. ಅದನ್ನು ಕೇಳಿ ನಾನು ಇವಳನ್ನು ನನ್ನ ಅಡಿಗೆಮನೆಯಿಂದ ಹೊರಗೆ ಹಾಕಿದೆ. ನನಗೆ ನಾಚಿಕೆ ಆಗುತ್ತದೆ. ನೀವು ಇವಳ ಕೈ ಅಡಿಗೆ ಉಣ್ಣುತ್ತಿದ್ದೀರಿ. ನೀವು ನನಗಿಂತ ದೊಡ್ಡವರು."

ಮೂಲೆಯಲ್ಲಿ ಕೂತಿದ್ದ ಮುದುಕನೊಬ್ಬ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟು ಎದ್ದು ಹೋದ. ಇನ್ನಿಬ್ಬರು ಎದ್ದರು. ಕಾಲೇಜಿನ ಹುಡುಗನೊಬ್ಬ ಮಾತ್ರ ತಲೆ ತಗ್ಗಿಸಿ ಉಣ್ಣುತ್ತ ಕೂತ. ಗಯಾಸುದ್ದೀನ್‌ಗೆ ಆದದ್ದು ಅರ್ಥವಾಗಿ, "ಚಲೋ ಮೇಡಂ, ಚಲೋ" ಎಂದು ಲಿಂಡಾಳನ್ನು ಹೊರಗೆ ನಡೆಸಿದ. ಅವಳು ಹೊರಡುವಾಗಲೂ ಹಗುರವಾದವಳ ಹಾಗೆ ನಗುತ್ತ ಅಳುತ್ತ ಇದ್ದಳು. ನಾಳೆ ಮತ್ತೆ ಬರುತ್ತೇನೆ ಎಂದು ಕೈ ಬೀಸಿದಳು.

ಖಾನಾವಳಿ ಖಾಲಿಯಾದ ಮೇಲೆ ವಿದ್ಯಾವತಿ ಬಂದು ಒಲೆಯಿಂದ ದೂರದಲ್ಲಿ ನಿಂತಳು.

"ಐದು ವರ್ಷ ನನ್ನ ಕೂಡ ಉಂಡಿ. ಒಂದು ದಿವಸರ ಹೇಳಲಿಲ್ಲ."

"ಹೇಳಿದ್ರ ಉಣ್ತಿದ್ರೇನ್ರಿ ಅಕ್ಕಾ?"

ವಿದ್ಯಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಕೆಯ ಕಣ್ಣಲ್ಲೂ ನೀರಿತ್ತು. "ನಂದೇನಿಲ್ಲವ್ವ. ನಾ ಒಬ್ಬಾಕಿ ಇದ್ದಿದ್ರ ಬ್ಯಾರೆ. ಮಂದಿ ಉಣ್ಣಾಕ ಬರಬೇಕಲ್ಲ? ನಾಳಿಂದ ಬರಬ್ಯಾಡ."

ದ್ರೌಪತಿ ಪರಾತದಲ್ಲಿ ಉಳಿದ ಹಿಟ್ಟಿನ ಕಡೆ ನೋಡಿದಳು. ನಾದಿದ್ದ ಹಿಟ್ಟು, ಇನ್ನೂ ಮೂವತ್ತು ರೊಟ್ಟಿಯಾಗುತ್ತಿತ್ತು. ಕೈ ತೊಳೆದು ಹೊರಬಿದ್ದಳು. ತಿರುಗಿ ನೋಡಿದಾಗ ವಿದ್ಯಾವತಿ ಆ ಹಿಟ್ಟನ್ನು ಹಿಂದಿನ ಗಟಾರದ ಹತ್ತಿರ ಎಮ್ಮೆಗೆ ಹಾಕುತ್ತಿದ್ದಳು.

ಸುದ್ದಿ ಅವಳಿಗಿಂತ ಮೊದಲು ಓಣಿ ಮುಟ್ಟಿತ್ತು. ಮನೆಯ ಮಾಲಕ ಆ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿಸಿದ. ಮಗನ ಮದುವೆ ಇದೆ, ಜಾಗ ಬೇಕು ಎಂದ. ಲಿಂಡಾ ಬಂದುಹೋದ ಮರುದಿನವೇ ಮತ್ತೆ ಖಾನಾವಳಿಗೆ ಹೋಗಿ ದ್ರೌಪತಿ ಎಲ್ಲಿ ಎಂದು ಕೇಳಿದಳು, ಯಾರೂ ಬಾಯಿ ಬಿಡದ್ದರಿಂದ ಮರಳಿ ಹೋದಳು. ಗಯಾಸುದ್ದೀನ್ ಜೀಪಿನಲ್ಲಿ ನಡೆದದ್ದನ್ನು ಬಿಡಿಸಿ ಹೇಳಿದ.

ಎರಡು ತಿಂಗಳಿಗೆ ಅಮೆರಿಕದಿಂದ ಪತ್ರ ಬಂತು, ಗಯಾಸುದ್ದೀನನ ವಿಳಾಸಕ್ಕೆ. ಅಷ್ಟರಲ್ಲಿ ದ್ರೌಪತಿ ಊರ ಹೊರಗೆ ಹೈದರಾಬಾದ್ ರಸ್ತೆಯ ಬದಿಗೆ ನಾಲ್ಕು ತಗಡು ಕಟ್ಟಿಕೊಂಡು ಒಲೆ ಹೂಡಿದ್ದಳು. ತಗಡಿನ ಒಳಗೋಡೆಗೆ ಬಾಬಾಸಾಹೇಬರ ಪಟ ಮೊಳೆ ಹೊಡೆದು ಹಾಕಿದ್ದಳು ಸರಿತಾ, ಡಿಎಡ್ ಮುಗಿಯುವವರೆಗೆ ಕಾಯದೆ. ಲಾರಿಯವರು ನಿಲ್ಲಿಸಿ ಉಂಡು ಹೋಗುತ್ತಿದ್ದರು. ಪಂಜಾಬಿನವರು, ತಮಿಳರು, ಯಾರು ಯಾರೋ. ಪಟ ನೋಡಿ ಕೆಲವರು ಇಳಿಯದೆ ಮುಂದಕ್ಕೆ ಹೋಗುತ್ತಿದ್ದರು. ದಿನಕ್ಕೆ ಇನ್ನೂರು ರೊಟ್ಟಿ ಬಡಿದ ಕೈಗೆ ಈಗ ನಲವತ್ತಾದರೆ ಹೆಚ್ಚು.

ಸರಿತಾ ಪತ್ರ ಓದಿ ಹೇಳಿದಳು. ಎರಡು ಹಾಳೆ. ತನ್ನ ಮಾತಿನಿಂದ ಹೀಗಾಯಿತಲ್ಲ ಎಂದು, ಏನು ಸಹಾಯ ಬೇಕೆಂದು, ಕ್ಷಮಿಸಿದ್ದೀಯಾ ಎಂದು ಒಂದು ಸಾಲು ಬರೆಸು ಎಂದು.

"ಏನ್ ಬರೀಲಿ ಅವ್ವಾ?"

ದ್ರೌಪತಿ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು, ತಿರುವಿ ಹಾಕಿದಳು.

"ಮೊದ್ಲು ಊರ ಸಲುವಾಗಿ ಹೊರಗ ಹಾಕಿದ್ಳು. ಆಮ್ಯಾಲ ತನ್ನ ಸಮಾಧಾನದ ಸಲುವಾಗಿ ಒಳಗ ಬಂದ್ಳು. ಎರಡ ಸಲಾನೂ ನನಗ ಕೇಳಿಲ್ಲ. ಈಗ ಕೇಳಾಕತ್ಯಾಳ." ರೊಟ್ಟಿ ಉಬ್ಬಿತು, ಅದನ್ನು ತೆಗೆದು ಬುಟ್ಟಿಗೆ ಹಾಕಿದಳು. "ಏನೂ ಬರೀಬ್ಯಾಡ. ಆಕಿಗೆ ಜರಾ ಸಮಾಧಾನ ಇಲ್ದಂಗೇ ಇರಲಿ."

ಸರಿತಾ ಪತ್ರವನ್ನು ಮಡಚಿ, ಹರಿಯಲೋ ಇಡಲೋ ಎಂದು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಗ ಲಾರಿಯೊಂದು ಧೂಳೆಬ್ಬಿಸಿ ಬಂದು ನಿಂತಿತು. ಎಷ್ಟು ಮಂದಿ ಇಳಿಯುತ್ತಾರೆ ನೋಡು ಎಂದು ದ್ರೌಪತಿ ಮಗಳಿಗೆ ಹೇಳಿ, ಇನ್ನೊಂದು ಉಂಡೆ ಹಿಟ್ಟು ಮುರಿದುಕೊಂಡಳು.